ಹದಿನೈದನೆಯ ತಲೆ

ಸರ್ಕಾರ ವಿಶ್ವವಿದ್ಯಾಲಯಕ್ಕೆ ಕೊಡುತ್ತಿದ್ದ ದುಡ್ಡಿನಲ್ಲಿ ಮೂರನೇ ಒಂದು ಪಾಲು ಕತ್ತರಿಸಿತು. ವಿಶ್ವವಿದ್ಯಾಲಯವೇನು ಕಡಿಮೆಯೇ, ಮಕ್ಕಳ ಶುಲ್ಕವನ್ನು ಎರಡರಷ್ಟು ಮಾಡಿ ಕೂತಿತು. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ. ಅದೂ ಸಾಲದು ಎಂಬಂತೆ ಮೇಲಿನಿಂದ ಇನ್ನೊಂದು ಕಾಗದ ಬಂತು: ಹದಿನೈದು ವಿದ್ಯಾರ್ಥಿಗಳಿಲ್ಲದ ವಿಭಾಗಕ್ಕೆ ಬೀಗ.

ಭೂವಿಜ್ಞಾನ ವಿಭಾಗಕ್ಕಿದ್ದದ್ದು ಎರಡು ವರ್ಷದ ಒಂದೇ ಕೋರ್ಸು, ಪ್ರವೇಶವೂ ಎರಡು ವರ್ಷಕ್ಕೊಮ್ಮೆ. ಆ ಸಲ ಸೇರಿದ್ದವರು ಹತ್ತೊಂಬತ್ತು ಮಂದಿ. ಹೊಸ ಶುಲ್ಕದ ಪಟ್ಟಿ ಗೋಡೆಗೆ ಅಂಟಿದ ವಾರದಲ್ಲೇ ಐವರು ಪೆಟ್ಟಿಗೆ ಕಟ್ಟಿಕೊಂಡು ಹೋದರು. ಉಳಿದದ್ದು ಹದಿನಾಲ್ಕು. ವಿಭಾಗದ ಮುಖ್ಯಸ್ಥರನ್ನು ಹಿಂದಿನಿಂದ ಎಲ್ಲರೂ ಕಲ್ಲು ಮೇಷ್ಟ್ರು ಅನ್ನುತ್ತಿದ್ದರು. ಅವರು ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಆ ಹದಿನಾಲ್ಕನ್ನು ಎಣಿಸುತ್ತಿದ್ದರು. ಎಣಿಸಿದರೆ ಮರಿ ಹಾಕುತ್ತವೆ ಅಂದುಕೊಂಡಿದ್ದರೋ ಏನೋ. ನಿವೃತ್ತಿಗೆ ಇನ್ನೂ ನಾಲ್ಕು ವರ್ಷವಿತ್ತು ಅವರಿಗೆ.

ಒಂದು ಮಧ್ಯಾಹ್ನ ಅವರು ಕ್ಯಾಂಟೀನಿನ ಹಿಂಬದಿಗೆ ಬಂದು ನಿಂತರು. ಅಲ್ಲಿ, ಸದಾ ಕೆಸರಾಗಿರುವ ನೆಲದಲ್ಲಿ, ತೊಟ್ಟಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಒಬ್ಬಳು ಗಾಜಿನ ಲೋಟ ತೊಳೆಯುತ್ತಿದ್ದಳು. ಹದಿನೆಂಟು ವರ್ಷದಿಂದ ಅದೇ ಕೆಲಸ. ಅವಳಿಗೆ ತಂದೆ ತಾಯಿ ಇಟ್ಟ ಹೆಸರೊಂದಿದ್ದರೂ ಅಲ್ಲಿ ಎಲ್ಲರಿಗೂ ಅವಳು ಲೋಟದಕ್ಕ.

"ನೀನು ಹನ್ನೆರಡನೇ ಕ್ಲಾಸು ಪಾಸಾಗಿದ್ದೀಯಂತೆ, ಹೌದಾ?"

"ಯಾವ ಕಾಲದ ಮಾತು ಸಾರ್. ಸರ್ಟಿಫಿಕೇಟು ಪೆಟ್ಟಿಗೆ ತಳದಲ್ಲಿದೆ."

"ಅದನ್ನ ತಗೊಂಡು ನಾಳೆ ಬಾ. ನಮ್ಮ ಕ್ಲಾಸಿಗೆ ಸೇರ್ಕೋ."

ಅವಳು ನಕ್ಕುಬಿಟ್ಟಳು. ಮೇಷ್ಟ್ರು ನಗಲಿಲ್ಲ. ಓದಬೇಕಾಗಿಲ್ಲ, ಬಂದು ಕೂತರೆ ಸಾಕು, ಒಂದು ತಲೆ ಕಮ್ಮಿ ಇದೆ ಅಂದರು. ಮೊದಲ ವರ್ಷದ ಶುಲ್ಕ ತಾವೇ ಕಟ್ಟುವುದಾಗಿ ಹೇಳಿದರು. ಆದರೆ ವಿಶ್ವವಿದ್ಯಾಲಯದ ಸಂಬಳ ತಿನ್ನುವವರು ವಿದ್ಯಾರ್ಥಿಯಾಗುವಂತಿಲ್ಲ, ಆದ್ದರಿಂದ ಕೆಲಸ ಬಿಡಬೇಕು. ಕೋರ್ಸು ಮುಗಿದ ಮೇಲೆ ವಿಭಾಗದಲ್ಲೇ ಕಲ್ಲುಗಳನ್ನು ನೋಡಿಕೊಳ್ಳುವ ಕೆಲಸ ಕೊಡಿಸುವ ಜವಾಬ್ದಾರಿ ತಮ್ಮದು. ಪಾಸಾದವರಿಗೇ ಆ ಕೆಲಸ, ಸಂಬಳ ಇದರ ಎರಡರಷ್ಟು.

ರಾತ್ರಿ ಊಟಕ್ಕೆ ಕೂತಾಗ ಗಂಡ, ಟೈರ್ ಅಂಗಡಿಯ ಮಸಿ ಇನ್ನೂ ಉಗುರಲ್ಲಿರುವಾಗಲೇ, "ಕಲ್ಲು ಪರೀಕ್ಷೆ ಮಾಡೋದು ಕಲಿತ ಮೇಲೆ ಮೊದಲು ನನ್ನ ತಲೆ ನೋಡು" ಅಂದ. ಒಪ್ಪಿಗೆ ಅಂತಲೇ ಅರ್ಥ. ಅದೇ ಮನೆಯಲ್ಲಿದ್ದ ಓರಗಿತ್ತಿ, ಅಂದರೆ ಅವನ ತಮ್ಮನ ಹೆಂಡತಿ, ಅನ್ನ ಬಡಿಸುವುದನ್ನು ಅಲ್ಲಿಗೇ ನಿಲ್ಲಿಸಿದಳು.

"ಅಕ್ಕ, ಹಾಗಾದ್ರೆ ನಿಮ್ಮ ಕ್ಯಾಂಟೀನ್ ಜಾಗ ಖಾಲಿನಾ?"

ಮಾರನೇ ದಿನದಿಂದ ಆ ತೊಟ್ಟಿಯ ಮುಂದೆ ಓರಗಿತ್ತಿ ಕೂತಳು. ಲೋಟದಕ್ಕ ತರಗತಿಯ ಕೊನೇ ಬೆಂಚಿನಲ್ಲಿ ಕೂತಳು.

ಮೊದಲ ತಿಂಗಳು ಅವಳು ಅಲ್ಲಿನ ಬೀರು, ಕುರ್ಚಿಗಳ ಹಾಗೆ ಇದ್ದಳು. ಮೇಷ್ಟ್ರು ಹಾಜರಿ ಕರೆಯುವಾಗ ಅವಳ ಹೆಸರು ಬಂದರೆ ತಲೆ ಎತ್ತುತ್ತಿರಲಿಲ್ಲ. ಹದಿನಾಲ್ಕು ಮಕ್ಕಳು ಆಂಟಿ ಅನ್ನುತ್ತಿದ್ದರು, ಪೆನ್ನು ಮರೆತರೆ ಅವಳ ಹತ್ತಿರ ಕೇಳುತ್ತಿದ್ದರು. ಹೆಚ್ಚಿದ ಶುಲ್ಕ ಕಟ್ಟಲು ಅರ್ಧಕ್ಕರ್ಧ ಮಕ್ಕಳು ಸಂಜೆ ಎಲ್ಲೆಲ್ಲೋ ದುಡಿಯುತ್ತಿದ್ದರು, ಆದ್ದರಿಂದ ಬೆಳಗಿನ ಪಾಠಕ್ಕೆಲ್ಲ ತೂಕಡಿಕೆ. ಕಣ್ಣು ಬಿಟ್ಟುಕೊಂಡು ಕೇಳುತ್ತಿದ್ದವಳು, ಕೇಳಬೇಕಾಗಿಲ್ಲ ಎಂದು ಹೇಳಿಸಿಕೊಂಡು ಬಂದವಳು ಒಬ್ಬಳೇ.

ಎರಡನೇ ತಿಂಗಳು ಕೈಗೆ ಕಲ್ಲು ಕೊಟ್ಟರು. ಅಲ್ಲಿಂದ ಅವಳ ಕಥೆಯೇ ಬೇರೆಯಾಯಿತು. ಹದಿನೆಂಟು ವರ್ಷ ಗಾಜು, ಹಿತ್ತಾಳೆ, ಮರಳು, ಸೋಪಿನ ಪುಡಿ ಎಂದು ಉಜ್ಜಿದ ಬೆರಳುಗಳಿಗೆ ಯಾವುದು ಜಾರುತ್ತದೆ, ಯಾವುದು ತರಿ, ಯಾವುದು ಉಗುರಿಗೆ ಸಿಗುತ್ತದೆ ಎಂದು ಬೇರೆ ಹೇಳಿಕೊಡಬೇಕಾಗಿರಲಿಲ್ಲ. ಬಳಪದ ಕಲ್ಲು, ಸುಣ್ಣದ ಕಲ್ಲು, ಬೆಣಚುಕಲ್ಲು, ಪದರ ಪದರವಾಗಿ ಏಳುವ ಅಭ್ರಕ. ಒಂದೊಂದಕ್ಕೂ ಅಂಟಿಸಿದ ಕೆಂಪು ಬಣ್ಣದ ನಂಬರು ಅವಳಿಗೆ ಬಾಯಿಪಾಠ. ಮನೆಗೆ ಬಂದು ಮೆಟ್ಟಿಲ ಕಲ್ಲಿನ ಜಾತಕ ಹೇಳಿದಳು. ಒರಳು ಕಲ್ಲಿನ ವಯಸ್ಸು ಕೇಳಿ ಗಂಡ, "ನಿನಗಿಂತ ದೊಡ್ಡದಾ?" ಅಂದ. ನಲವತ್ತೊಂದು ವರ್ಷದ ಹೆಂಗಸು ಸಂತೋಷವಾಗಿದ್ದಳು. ಅದನ್ನು ಬೇರೆ ಹೇಗೆ ಹೇಳುವುದು? ಸಂತೋಷವಾಗಿದ್ದಳು, ಅಷ್ಟೆ.

ವರ್ಷದ ಕೊನೆಯ ಪರೀಕ್ಷೆಯಲ್ಲಿ ಅವಳು ಮೂರನೆಯವಳಾಗಿ ಬಂದಳು. ಮೇಷ್ಟ್ರು ಅಂಕಪಟ್ಟಿ ನೋಡಿ, "ಇಷ್ಟೆಲ್ಲ ಬೇಕಿರಲಿಲ್ಲಮ್ಮ" ಅಂದರು. ಎರಡನೇ ವರ್ಷದ ಶುಲ್ಕ ತಮ್ಮಿಂದಾಗದು ಅಂತಲೂ ಅಂದರು. ಕೆಲಸ ಬಿಟ್ಟಾಗ ಕೈಗೆ ಬಂದಿದ್ದ ಗಂಟನ್ನು ಅವಳು ಹಾಗೇ ತಂದು ಕಟ್ಟಿದಳು. ಈಗ ಅವಳು ತನ್ನ ದುಡ್ಡಿನಲ್ಲಿ ಓದುವ ವಿದ್ಯಾರ್ಥಿನಿ. ಇನ್ನು ಒಂದು ಪರೀಕ್ಷೆ, ಆಮೇಲೆ ಆ ಕೆಲಸ.

ಪರೀಕ್ಷೆಗೆ ಎರಡು ತಿಂಗಳಿರುವಾಗ ಪರಿಶೀಲನಾ ಸಮಿತಿ ಬರುತ್ತದೆಂದು ಸುದ್ದಿ ಬಂತು. ಯಾವ ವಿಭಾಗ ಉಳಿಯಬೇಕು, ಯಾವುದು ಮುಚ್ಚಬೇಕು ಎಂದು ನೋಡುವುದಕ್ಕೆ. ಮೇಷ್ಟ್ರು ಹಿಂದಿನ ದಿನ ಅವಳನ್ನು ಪಕ್ಕಕ್ಕೆ ಕರೆದರು.

"ನಾಳೆ ನೀನು ಬಾಯಿ ಬಿಡಬಾರದು. ಏನು ಕೇಳಿದ್ರೂ ಬೇರೆಯವರು ಹೇಳ್ಲಿ. ನಿನ್ನ ತಲೆ ಕಂಡ್ರೆ ಸಾಕು, ದನಿ ಕೇಳಬಾರದು. ಗೊತ್ತಾಯ್ತಾ?"

"ಆಯ್ತು ಸಾರ್."

ಸಮಿತಿಯಲ್ಲಿ ಮೂರು ಜನ. ಅಧ್ಯಕ್ಷರು ಕುರ್ಚಿಯನ್ನು ಕರವಸ್ತ್ರದಿಂದ ಎರಡು ಸಲ ಒರೆಸಿ ಕೂತರು. ಕ್ಯಾಂಟೀನಿನಿಂದ ಬಂದ ಚಹಾ ಕುಡಿದು ಮುಗಿಸಿದರು. ತಲೆ ಎಣಿಸಿದರು, ಹದಿನೈದು ಸರಿಯಾಗಿತ್ತು. ಮೇಷ್ಟ್ರ ಮುಖಕ್ಕೆ ಜೀವ ಬಂತು. ಎದ್ದು ಹೋಗಬಹುದಿತ್ತಲ್ಲ ಆ ಅಧ್ಯಕ್ಷರು! ಹೋಗಲಿಲ್ಲ. ಮೇಜಿನ ಮೇಲಿನ ತಟ್ಟೆಯಿಂದ ಎರಡು ಬಿಳಿ ಕಲ್ಲು ಎತ್ತಿಕೊಂಡರು.

"ಎರಡೂ ಒಂದೇ ಥರ ಕಾಣ್ತಿವೆ. ಏನು ವ್ಯತ್ಯಾಸ? ಯಾರಾದ್ರೂ ಹೇಳಿ."

ಯಾರೂ ಹೇಳಲಿಲ್ಲ. ಗೊತ್ತಿದ್ದವರಿಗೆ ಭಯಕ್ಕೆ ನಾಲಿಗೆ ಏಳಲಿಲ್ಲ, ಉಳಿದವರು ಆ ಪಾಠದ ದಿನ ನಿದ್ದೆ ಮಾಡಿದ್ದರು. ಅಧ್ಯಕ್ಷರು ಕಾಯುತ್ತಾ ಪೆನ್ನಿನ ಮುಚ್ಚಳ ತೆಗೆದರು.

"ಎರಡು ವರ್ಷಕ್ಕೆ ಎರಡು ಕಲ್ಲು ಗುರುತು ಹಿಡಿಯಕ್ಕೆ ಬರಲ್ಲ. ಇದಕ್ಕೆ ಜನ ತೆರಿಗೆ ಕಟ್ಟಬೇಕಾ?" ಎಂದು ಪಕ್ಕದವರಿಗೆ ಹೇಳಿ ಬರೆಯತೊಡಗಿದರು.

ಲೋಟದಕ್ಕ ಮೇಷ್ಟ್ರ ಕಡೆ ನೋಡಿದಳು. ಅವರು ನೆಲ ನೋಡುತ್ತಿದ್ದರು. ಆ ಪೆನ್ನು ಸಾಲಿನ ಕೊನೆ ಮುಟ್ಟಿದರೆ ವಿಭಾಗ ಹೋಯಿತು, ಪರೀಕ್ಷೆ ಹೋಯಿತು, ಕೆಲಸ ಹೋಯಿತು ಎಂದು ಅವಳಿಗೆ ಅನ್ನಿಸಿತು. ಎದ್ದು ನಿಂತಳು. ನಡೆದು ಬಂದು ಅಧ್ಯಕ್ಷರ ಕೈಯಿಂದಲೇ ಕಲ್ಲುಗಳನ್ನು ತೆಗೆದುಕೊಂಡಳು. ಅವರು ಕುಡಿದಿಟ್ಟ ಖಾಲಿ ಲೋಟ ಎತ್ತಿ ಒಂದು ಕಲ್ಲಿನಿಂದ ಎಳೆದಳು. ಕಿರ್ರೆಂದು ಉದ್ದಕ್ಕೆ ಗೀರು ಬಿತ್ತು.

"ಇದು ಬೆಣಚುಕಲ್ಲು ಸಾರ್. ಗಡಸುತನ ಏಳು. ಗಾಜಿನದು ಐದೂವರೆ, ಅದಕ್ಕೇ ಗೀರುತ್ತೆ. ಇದು ಕ್ಯಾಲ್ಸೈಟು, ಮೂರೇ. ನೋಡಿ, ಉಜ್ಜಿದ್ರೂ ಗಾಜಿಗೆ ಏನೂ ಆಗಲ್ಲ." ತಟ್ಟೆಯ ಪಕ್ಕದಲ್ಲಿದ್ದ ಸೀಸೆಯಿಂದ ಎರಡಕ್ಕೂ ಒಂದೊಂದು ಹನಿ ಆಸಿಡ್ ಬಿಟ್ಟಳು. ಕ್ಯಾಲ್ಸೈಟು ನೊರೆ ಉಕ್ಕಿಸಿತು, ಬೆಣಚುಕಲ್ಲು ತೆಪ್ಪಗಿತ್ತು. "ಸುಣ್ಣದ ಜಾತಿ ಅಂತ ಅದೇ ಹೇಳ್ತಿದೆ."

ಅಧ್ಯಕ್ಷರ ಹುಬ್ಬು ಮೇಲೇರಿತು. "ಭೇಷ್! ಇಂಥವರು ಬೇಕು. ಈ ವಯಸ್ಸಲ್ಲಿ ಇಷ್ಟು ಆಸಕ್ತಿ ಇಟ್ಕೊಂಡು ಓದ್ತಿದ್ದೀರಲ್ಲ" ಅಂದರು. ಮಕ್ಕಳು ಚಪ್ಪಾಳೆ ತಟ್ಟಿದರು. ಮೇಷ್ಟ್ರೂ ತಲೆ ಎತ್ತಿ ನಕ್ಕರು. ಲೋಟದಕ್ಕನ ಬಾಳಿನಲ್ಲಿ ಅವಳಿಗಾಗಿ ಬಿದ್ದ ಮೊದಲ ಚಪ್ಪಾಳೆ ಅದು. ಎಷ್ಟು ಹೊತ್ತು ಇತ್ತು ಅಂದರೆ, ಓರಗಿತ್ತಿ ಖಾಲಿ ಲೋಟ ತೆಗೆದುಕೊಂಡು ಹೋಗಲು ಬಾಗಿಲಿನಿಂದ ಮೇಜಿನವರೆಗೆ ಬರುವಷ್ಟು ಹೊತ್ತು.

ಓರಗಿತ್ತಿಗೆ ಮೊದಲು ಕಂಡದ್ದು ಗೀರು. ಕೆಟ್ಟ ಲೋಟದ ಬೆಲೆ ತೊಳೆಯುವವಳ ಕೂಲಿಯಲ್ಲಿ ಮುರಿಯುತ್ತಾರೆ.

"ಅಯ್ಯೋ, ಏನಕ್ಕಾ ಇದು! ಹದಿನೆಂಟು ವರ್ಷ ಇದೇ ಲೋಟ ತೊಳೆದವರು ನೀವು. ಯಾರ ತಲೆ ಮೇಲೆ ಬರುತ್ತೆ ಅಂತ ನಿಮಗೆ ಗೊತ್ತಿಲ್ವಾ?"

ಅಧ್ಯಕ್ಷರು ಪೆನ್ನು ಕೆಳಗಿಟ್ಟರು. "ತೊಳೀತಿದ್ರಾ? ಎಲ್ಲಿ?"

ದೊಡ್ಡ ಸಾಹೇಬರು ತನ್ನನ್ನು ಮಾತಾಡಿಸಿದರೆಂದು ಓರಗಿತ್ತಿಗೆ ಹುರುಪು ಬಂತು. ಮನೆಯವರನ್ನು ಹೊಗಳುತ್ತಿದ್ದೇನೆ ಎಂದೇ ಅಂದುಕೊಂಡಳು. "ನಮ್ಮ ಕ್ಯಾಂಟೀನಲ್ಲೇ ಸಾರ್. ಇಲ್ಲಿ ಒಂದು ತಲೆ ಕಮ್ಮಿ ಬಿತ್ತಂತೆ, ಮೇಷ್ಟ್ರೇ ಬಂದು ಕರ್ಕೊಂಡು ಹೋದ್ರು. ಮೊದಲ್ನೇ ವರ್ಷದ ಫೀಸೂ ಅವರೇ ಕಟ್ಟಿದ್ರು. ದೇವರಂಥ ಮನುಷ್ಯ!"

ಮಾತು ಬಲ್ಲವನಿಗೆ ಜಗಳವಿಲ್ಲ ಎಂದು ಗಾದೆ. ಅದನ್ನು ಕಟ್ಟಿದವನು ಯಾವ ಸಮಿತಿಯ ಮುಂದೂ ನಿಂತಿರಲಿಲ್ಲ ಎಂದು ಕಾಣುತ್ತದೆ.

ನಾಲ್ಕನೇ ದಿನ ಮೇಷ್ಟ್ರು ಅವಳನ್ನು ಕೋಣೆಗೆ ಕರೆಸಿದರು. ಮೇಜಿನ ಮೇಲೆ ಟೈಪು ಮಾಡಿದ ಹಾಳೆ ಇತ್ತು. 'ನಾನು ನನ್ನ ಕ್ಯಾಂಟೀನ್ ಕೆಲಸವನ್ನು ಮುಚ್ಚಿಟ್ಟು, ವಿಭಾಗದ ಮುಖ್ಯಸ್ಥರನ್ನು ವಂಚಿಸಿ ಪ್ರವೇಶ ಪಡೆದೆ. ನನಗೆ ಈ ವಿಷಯದಲ್ಲಿ ಆಸಕ್ತಿಯಾಗಲಿ ತಿಳಿವಳಿಕೆಯಾಗಲಿ ಇಲ್ಲ.'

"ವಿಭಾಗ ಮುಚ್ಚಿದ್ರು" ಅಂದರು ಮೇಷ್ಟ್ರು. "ಆ ಹದಿನಾಲ್ಕು ಮಕ್ಕಳನ್ನ ಬೇರೆ ಕಾಲೇಜಿಗೆ ಕಳಿಸ್ತಾರೆ. ಅಲ್ಲೇ ಪರೀಕ್ಷೆ ಬರೀತಾರೆ. ನೀನು ಇದಕ್ಕೆ ಸಹಿ ಹಾಕದಿದ್ರೆ ಎಲ್ಲರ ದಾಖಲಾತಿನೂ ತನಿಖೆಗೆ ಹೋಗುತ್ತೆ. ಮಕ್ಕಳ ಬಾಳು ಹಾಳಾಗುತ್ತೆ, ನೋಡು."

"ನನ್ನ ಪರೀಕ್ಷೆ ಸಾರ್? ಎರಡನೇ ವರ್ಷದ್ದು ನಾನೇ ಕಟ್ಟಿದ್ದೀನಿ."

"ವಂಚನೆ ಕೇಸಲ್ಲಿ ಶುಲ್ಕ ವಾಪಸ್ ಬರಲ್ಲ."

"ವಂಚನೆ ಯಾರು ಮಾಡಿದ್ದು ಸಾರ್?"

ಮೇಷ್ಟ್ರು ಕಿಟಕಿಯ ಕಡೆ ತಿರುಗಿದರು. "ಬಾಯಿ ಬಿಡಬೇಡ ಅಂತ ಹೇಳಿದ್ದೆ ತಾನೇ?"

ಹಾಳೆಯ ಕೆಳಗೆ ವಿಭಾಗ ಮುಚ್ಚುವ ಆದೇಶದ ಪ್ರತಿ ಇತ್ತು. ಎರಡು ವರ್ಷದಲ್ಲಿ ಅವಳಿಗೆ ಚೀಟಿ, ನಂಬರು, ತಾರೀಖು ನೋಡುವುದು ಅಭ್ಯಾಸವಾಗಿಬಿಟ್ಟಿತ್ತು. ನೋಡಿದಳು. ಆದೇಶದ ತಾರೀಖು ಸಮಿತಿ ಬರುವುದಕ್ಕಿಂತ ಎಂಟು ದಿನ ಹಿಂದಿನದು. ಅವಳು ಎದ್ದು ನಿಂತಿದ್ದರೂ ಮುಚ್ಚುತ್ತಿತ್ತು, ಕೂತಿದ್ದರೂ ಮುಚ್ಚುತ್ತಿತ್ತು. ಕೂತಿದ್ದರೆ ಹದಿನೈದು ಜನ ಬೇರೆ ಕಾಲೇಜಿಗೆ ಹೋಗುತ್ತಿದ್ದರು. ಅಟ್ಟ ಹತ್ತಿಸಿ ಏಣಿ ತೆಗೆಯುವವರನ್ನು ಲೋಕ ನೋಡಿದೆ. ಇವರು ಏಣಿ ತೆಗೆದು, ಕದ್ದು ಹತ್ತಿದೆ ಎಂದು ಬರೆದುಕೊಡು ಅನ್ನುತ್ತಿದ್ದರು.

ಅವಳು ಸಹಿ ಹಾಕಿದಳು. ಮಕ್ಕಳಿಗಾಗಿ ಹಾಕಿದಳು. ಆ ಮಕ್ಕಳು ಹೊರಡುವ ದಿನ ಗೇಟಿನ ಹತ್ತಿರ ಹೋಗಿ ನಿಂತಿದ್ದಳು. ಅವಳ ಪೆನ್ನಿನಲ್ಲಿ ಎರಡು ವರ್ಷ ಬರೆದ ಹುಡುಗಿ ಬಸ್ಸು ಹತ್ತುತ್ತಾ, "ಆಂಟಿ, ನೀವು ಸುಮ್ನೆ ಇರಬೇಕಿತ್ತು. ನಿಮ್ಮಿಂದ ನಮ್ಮೆಲ್ಲರ ಸೀಟೂ ಹೋಗ್ತಿತ್ತು" ಅಂದಳು. ಪೆನ್ನು ವಾಪಸ್ ಕೊಡಲಿಲ್ಲ.

ಎರಡು ತಿಂಗಳ ಮೇಲೆ ಅವಳು ಕ್ಯಾಂಟೀನಿಗೇ ಹೋಗಿ ಕೈಮುಗಿದಳು. ಅವಳ ಜಾಗದಲ್ಲಿ ಓರಗಿತ್ತಿ ಇದ್ದಳು. ಓರಗಿತ್ತಿಯ ಕೈಕೆಳಗೆ, ಅರ್ಧ ಕೂಲಿಗೆ, ಸಹಾಯಕ್ಕೆ ಎಂದು ಇವಳನ್ನು ಇಟ್ಟುಕೊಂಡರು. "ಬನ್ನಿ ಅಕ್ಕ, ಸೋಪು ಕಮ್ಮಿ ಹಾಕಿ" ಎಂದು ಓರಗಿತ್ತಿ ಜಾಗ ಬಿಟ್ಟಳು.

ತೊಟ್ಟಿಯ ಮುಂದೆ ಕೆಸರಿರಲಿಲ್ಲ. ವಿಭಾಗ ಖಾಲಿ ಮಾಡಿದಾಗ ಸಿಕ್ಕಿದ ಕಲ್ಲುಗಳನ್ನೆಲ್ಲ ತಂದು ಅಲ್ಲಿ ಸುರಿದು ನೆಲ ಗಟ್ಟಿ ಮಾಡಿದ್ದರು. ಕೆಲವಕ್ಕೆ ಕೆಂಪು ನಂಬರು ಇನ್ನೂ ಇತ್ತು. ಅವಳು ಬರಿಗಾಲಲ್ಲಿ ನಿಂತಳು. ನೋಡದೆಯೇ ಅಂಗಾಲಿಗೆ ಗೊತ್ತಾಯಿತು: ಎಡಗಾಲಿನ ಕೆಳಗೆ ಬಳಪದ ಕಲ್ಲು, ಬಲಗಾಲಿನ ಕೆಳಗೆ ಬೆಣಚು.

ಕಲ್ಲು ಮೇಷ್ಟ್ರನ್ನು ಈಗ ಯಾರೂ ಹಾಗೆ ಕರೆಯುವುದಿಲ್ಲ. ಅವರು ಶುಲ್ಕ ವಸೂಲಿ ವಿಭಾಗದ ನಿರ್ದೇಶಕರು, ನಾಲ್ಕು ಗಂಟೆಗೆ ಚಹಾಕ್ಕೆ ಬರುತ್ತಾರೆ. ಒಂದು ದಿನ ಅವರ ಕೈಗೆ ಸಿಕ್ಕಿದ್ದು ಆ ಗೀರು ಬಿದ್ದ ಲೋಟ. ಎತ್ತಿ ಬೆಳಕಿಗೆ ಹಿಡಿದು ನೋಡಿದರು. ಹಿಂದಿನ ಕಿಟಕಿಗೆ ಬಂದು ಮುಂದಕ್ಕೆ ಚಾಚಿದರು.

"ಇದು ಗೀರಿದೆ. ಬೇರೆ ಕೊಡಮ್ಮ."

ಅವಳು ತಲೆ ಎತ್ತಿದಳು. "ಬೆಣಚುಕಲ್ಲು ಸಾರ್. ಗಡಸುತನ ಏಳು."

ಮೇಷ್ಟ್ರು ಅವಳನ್ನು ನೋಡಿದರು, ಲೋಟ ನೋಡಿದರು, ಗಡಿಯಾರ ನೋಡಿದರು.

"ಬೇಗ ಕೊಡು, ಚಹಾ ಆರುತ್ತೆ" ಅಂದರು.

ಅವಳು ಇನ್ನೊಂದು ಲೋಟ ತೊಳೆದು ಕೊಟ್ಟಳು. ಗೀರಿದ ಲೋಟದ ಬೆಲೆಯನ್ನು ಆ ಶನಿವಾರ ಓರಗಿತ್ತಿ ಅವಳ ಕೂಲಿಯಲ್ಲಿ ಮುರಿದುಕೊಂಡಳು.