ಮುರಿಯದ ಆಕ್ಸಲ್

ಡೇಲ್ ತನ್ನ ಪಿಕಪ್ ಗಾಡಿಯ ಹಿಂಬಾಗಿಲು ಇಳಿಸಿ ಹೊಸ ಆಕ್ಸಲ್ ತೋರಿಸಿದಾಗ ಅಣ್ಣ ಗೆರಿಟ್‌ಗೆ ಮೊದಲು ಬಂದದ್ದು ನಿಟ್ಟುಸಿರು. ಅರವತ್ತು ದಾಟಿದ ಮನುಷ್ಯ, ಸೊಂಟ ಸರಿಯಿಲ್ಲ, ಮಸ್ಕೀಗನ್ ಊರಿನ ಚಳಿಗೆ ಬೆರಳ ಗಿಣ್ಣುಗಳು ಹಸಿ ಶುಂಠಿಯ ಹಾಗೆ ಊದಿಕೊಂಡಿವೆ. ಹೊರಗೆ ಸರೋವರದ ಕಡೆಯಿಂದ ಹಿಮ ಬೀಸುತ್ತಿದೆ. ಇಂಥ ದಿನ ತಮ್ಮನಾದವನು ಒಂದು ಲೋಟ ಬಿಸಿ ಕಾಫಿ ತಂದಿದ್ದರೆ ಅವನ ಗಂಟೇನು ಹೋಗುತ್ತಿತ್ತು? ತಂದದ್ದು ಕಬ್ಬಿಣ.

"ನೋಡೋ, ಲಾರಿಗೆ ಹಾಕಿದ್ರೂ ಮುರಿಯಲ್ಲ ಇದು," ಎಂದ ಡೇಲ್. "ಗೇರ್‌ಬಾಕ್ಸೂ ತಂದಿದ್ದೀನಿ. ಒಳಗಿನ ಪ್ಲೇಟು, ಶಾಫ್ಟು ಎಲ್ಲ ಗಟ್ಟಿ ಮಾಲು. ಮೇ ತಿಂಗಳಲ್ಲಿ ರೇಸ್ ಟ್ರ್ಯಾಕ್ ತೆರೆಯೋದ್ರೊಳಗೆ ಕೂರಿಸಿಬಿಡು."

"ಹಳೇದಕ್ಕೆ ಏನಾಗಿತ್ತು?"

"ಏನಾಗಿತ್ತಾ! ಬೇಸಿಗೆ ಅರ್ಧಕ್ಕೆ ಬಂದ್ರೆ ಸಾಕು, ಹಲ್ಲು ಉದುರಿಸ್ಕೊಂಡು ಕೂರುತ್ತೆ, ನಮ್ಮಜ್ಜಿ ಥರ. ನನ್ ಜೊತೆ ರೇಸ್ ಓಡಿಸೋ ಬಾರ್ಟ್ ಏನಂತಾನೆ ಗೊತ್ತಾ? 'ಡೇಲ್, ನಿಂದು ರೇಸ್ ಕಾರಲ್ಲ, ಜುಲೈ ತನಕ ಬರೋ ನೆಂಟ' ಅಂತಾನೆ. ಸಾಕಾಯ್ತು ನಂಗೆ. ನೀನು ಮಾಡಲ್ಲ ಅಂದ್ರೆ ಹೇಳು, ಹೈವೇ ಪಕ್ಕದ ಗ್ಯಾರೇಜ್ ಹುಡುಗರ ಹತ್ರ ಹಾಕಿಸ್ಕೋತೀನಿ."

ಹೈವೇ ಪಕ್ಕದ ಹುಡುಗರು! ಅಳತೆ ಕಡ್ಡಿ ಮುಟ್ಟದೆ ಅಂದಾಜಿಗೆ ಬೋಲ್ಟ್ ಬಿಗಿಯುವ ಪುಣ್ಯಾತ್ಮರು. ಗೆರಿಟ್ ಆಕ್ಸಲ್ಲಿನ ಒಂದು ತುದಿ ಹಿಡಿದ.

ಕಾರು ಶೆಡ್ಡಿನಲ್ಲೇ ಇತ್ತು. ಅರವತ್ತೊಂಬತ್ತನೇ ಇಸವಿಯ ಎಲೆಹಸಿರು ಬಣ್ಣದ ಎರಡು ಬಾಗಿಲಿನ ಗಾಡಿ. ಅಣ್ಣತಮ್ಮಂದಿರ ಪ್ರಾಯವೆಲ್ಲ ಅದರ ಅಡಿಯಲ್ಲಿ ಮಲಗಿಯೇ ಕಳೆದುಹೋಯಿತು. ಡೇಲ್ ವರ್ಷವರ್ಷವೂ ಎಂಜಿನ್ನಿಗೆ ಏನಾದರೊಂದು ತಂದು ಸುರಿಯುತ್ತಿದ್ದ. ಅದರ ಬಲವನ್ನು ಚಕ್ರಕ್ಕೆ ಮುಟ್ಟಿಸಬೇಕಾದ ಗೇರ್‌ಬಾಕ್ಸ್ ಮತ್ತು ಹಿಂದಿನ ಆಕ್ಸಲ್ ಮಾತ್ರ ಕಾರು ಹುಟ್ಟಿದಾಗಿನವೇ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂ ಅಂತ ನೋಡಿದವರು ನಗುತ್ತಿದ್ದರು. ಆ ಖಾಲಿ ಹೊಟ್ಟೆಯ ಹಿಂದಿನ ಕತೆ ಗೊತ್ತಿದ್ದದ್ದು ಇಬ್ಬರಿಗೆ ಮಾತ್ರ, ಗೆರಿಟ್‌ಗೆ ಮತ್ತು ಡೇಲ್‌ನ ಹೆಂಡತಿ ಪಾಲೆಟ್‌ಗೆ.

ಕೆಲವು ವರ್ಷಗಳ ಹಿಂದೆ ಕಾಲು ಮೈಲಿಯ ಓಟದ ಕೊನೆಯಲ್ಲಿ ಡೇಲ್ ಟ್ರ್ಯಾಕಿನ ಅಂಚಿನ ಗೋಡೆಗೆ ಗುದ್ದಿದ್ದ. ಅವನಿಗೆ ಪ್ರಜ್ಞೆ ಬರುವ ತನಕ ಈ ಇಬ್ಬರೂ ಆಸ್ಪತ್ರೆಯ ಮೊಗಸಾಲೆಯಲ್ಲಿ ಕೂತಿದ್ದರು. ಅಲ್ಲೇ ಪಾಲೆಟ್ ಹೇಳಿದ್ದಳು: "ಬಿಡು ಅಂದ್ರೆ ಬಿಡೋ ಜಾತಿಯಲ್ಲ ಅವನು. ಆ ಕಾರನ್ನ ಮಾತ್ರ ತುಂಬ ಗಟ್ಟಿ ಮಾಡ್ಬೇಡ ಮಾರಾಯ." ಅಂದಿನಿಂದ ಗೆರಿಟ್ ಹಳೆಯ ಆಕ್ಸಲ್ಲನ್ನೇ ತೇಪೆ ಹಾಕಿ ಕೂರಿಸುತ್ತಿದ್ದ. ಎಂಜಿನ್ನಿನ ಬಲಕ್ಕೆ ಅದರೊಳಗಿನ ಗೇರಿನ ಹಲ್ಲು ಮುರಿಯುತ್ತಿತ್ತು, ಕಾರು ಹೊರಟ ಜಾಗದಲ್ಲೇ ಕೆಟ್ಟು ನಿಲ್ಲುತ್ತಿತ್ತು. "ಇನ್ನು ಚಳಿಗಾಲಕ್ಕೆ ನೋಡೋಣ" ಎನ್ನುತ್ತಿದ್ದ ಗೆರಿಟ್. ಉಳಿದರ್ಧ ಬೇಸಿಗೆ ಅವನು, ಪಾಲೆಟ್ ಇಬ್ಬರೂ ನೆಮ್ಮದಿಯಾಗಿ ನಿದ್ದೆ ಮಾಡುತ್ತಿದ್ದರು. ಕೊಬ್ಬಿದ ಎತ್ತಿಗೆ ಮೂಗುದಾರ ಇದ್ದ ಹಾಗೆ ಆ ಬಡಪಾಯಿ ಆಕ್ಸಲ್.

ಗೇರ್‌ಬಾಕ್ಸ್ ಕೂರಿಸಿ ಮುಗಿಸುವಷ್ಟರಲ್ಲಿ ಗೆರಿಟ್‌ನ ಸೊಂಟ ಪೂರ್ತಿ ಕೈಕೊಟ್ಟಿತ್ತು. ಆ ಮಧ್ಯಾಹ್ನ ಪಾಲೆಟ್ ಬೀನ್ಸ್, ಮಾಂಸ ಹಾಕಿ ಬೇಯಿಸಿದ ಚಿಲಿ ತಂದಳು. ಅವನು ಎಣ್ಣೆ ಡಬ್ಬಿಯ ಮೇಲೆ ಕೂತು ತಿನ್ನುತ್ತಿದ್ದಾಗ ಹೊಸ ಆಕ್ಸಲ್ಲನ್ನು ಹಾವು ನೋಡಿದ ಹಾಗೆ ನೋಡಿದಳು.

"ಇದು ಮುರಿಯಲ್ವಂತೆ?"

"ಮುರಿಯಲ್ಲ."

"ನೀನು ಮನಸ್ಸು ಮಾಡಿದ್ರೆ ಮುರಿಯುತ್ತೆ ತಾನೆ?"

ಗೆರಿಟ್ ಚಮಚ ಕೆಳಗಿಟ್ಟ. ಮುರಿಯುವ ಹಾಗೆ ಮಾಡುವುದು ಏನು ಮಹಾ ಕೆಲಸ! ಒಳಗಿನ ಎರಡು ಗೇರುಗಳ ನಡುವೆ ಕಾಗದದಷ್ಟು ತೆಳ್ಳಗಿನ ಬಿಲ್ಲೆ ಒಂದನ್ನು ಹೆಚ್ಚು ಕಡಿಮೆ ಮಾಡಿದರಾಯಿತು. ಹಲ್ಲು ಹಲ್ಲಿನ ಅಂಚಿಗೆ ತಾಗಿ ಒಂದು ತಿಂಗಳಲ್ಲಿ ಪುಡಿಯಾಗುತ್ತದೆ. ಯಾರಿಗೂ ಗೊತ್ತಾಗುವುದಿಲ್ಲ.

"ಯೋಚನೆ ಮಾಡ್ತೀನಿ," ಎಂದ.

"ನಂಗೆ ಸುಸ್ತಾಗಿದೆ ಗೆರಿಟ್. ಫೋನ್ ಹೊಡ್ಕೊಂಡ್ರೆ ಸಾಕು, ಎದೆ ಧಸಕ್ ಅನ್ನುತ್ತೆ. ಗಂಡ ಬದುಕಿರ್ಲಿ ಅಂತ ಕೇಳೋದು ತಪ್ಪಾ?"

ತಪ್ಪು ಅನ್ನಲು ಯಾರಿಗೆ ಬಾಯಿ ಬರುತ್ತದೆ. ಅವಳು ಹೋದ ಮೇಲೆ ಗೆರಿಟ್ ಕಾರಿನಡಿಗೆ ತೆವಳಿದ. ಹಳೆಯ ಆಕ್ಸಲ್ಲಿನ ಮುಚ್ಚಳ ಬಿಚ್ಚಿ ಎಣ್ಣೆ ಸುರಿಸಿ, ಚಕ್ರ ಕೂರುವ ಶಾಫ್ಟುಗಳನ್ನು ಎಳೆದ. ಎಡಗಡೆಯದು ಸಲೀಸಾಗಿ ಬಂತು. ಬಲಗಡೆಯದನ್ನು ಬಟ್ಟೆಯಿಂದ ಒರೆಸಿ ದೀಪಕ್ಕೆ ಹಿಡಿದು ಕಣ್ಣಿಗೆ ಹತ್ತಿರ ತಂದ.

ಚಕ್ರದ ಬುಡದಲ್ಲಿ ಶಾಫ್ಟು ಸೀಳು ಬಿಟ್ಟಿತ್ತು. ಸುತ್ತಳತೆಯ ಮುಕ್ಕಾಲು ಭಾಗ ಬಿರುಕು. ಕಾಲು ಭಾಗದ ಕಬ್ಬಿಣವಷ್ಟೇ ಚಕ್ರವನ್ನು ಹಿಡಿದುಕೊಂಡಿತ್ತು. ಬಿರುಕಿನೊಳಗೆ ತುಕ್ಕು ಕೂತಿತ್ತು, ಅಂದರೆ ಹೊಸದಲ್ಲ. ಈ ಹಳೆಯ ಆಕ್ಸಲ್ಲುಗಳಲ್ಲಿ ಚಕ್ರಕ್ಕೆ ಬೇರೆ ಆಸರೆ ಇಲ್ಲ; ಶಾಫ್ಟು ತುಂಡಾದರೆ ಚಕ್ರ ಶಾಫ್ಟಿನ ತುಂಡಿನ ಸಮೇತ ಹೊರಗೆ ಹಾರಿಹೋಗುತ್ತದೆ. ಕಾರು ಓಟದ ಕೊನೆಯ ವೇಗದಲ್ಲಿದ್ದಾಗ ಹಾಗಾದರೆ ಒಳಗಿದ್ದವನ ಗತಿ ದೇವರೇ ಬಲ್ಲ. ಇದು ಗೆರಿಟ್‌ಗೆ ಗೊತ್ತಿಲ್ಲದ ಸಂಗತಿಯೇನಲ್ಲ. ಆದರೆ ಮೊದಲು ಮುರಿಯುವುದು ಹಲ್ಲೇ, ಯಾವತ್ತೂ ಹಲ್ಲೇ, ಎಂದು ನಂಬಿ ಕೂತಿದ್ದ. ದುರ್ಬಲವಾದದ್ದು ತನಗೆ ಬೇಕಾದ ಜಾಗದಲ್ಲೇ ಮುರಿಯುತ್ತದೆ ಅಂದುಕೊಂಡಿದ್ದ, ಎಂಥ ಮಂಕುಬಡಿದ ಬುದ್ಧಿ!

ಪಾಲೆಟ್‌ಗೆ ಫೋನ್ ಮಾಡಿ ವಾಪಸ್ ಕರೆಸಿ ತೋರಿಸಿದ. ಅವಳು ಬಿರುಕಿನ ಮೇಲೆ ಬೆರಳಾಡಿಸಿದಳು, ಬೆರಳಿಗೆ ಕೆಂಪು ಹತ್ತಿತು.

"ಹೋದ ಬೇಸಿಗೇಲೂ ಇದರಲ್ಲೇ ಓಡಿಸಿದ್ನಾ?"

"ಹೂಂ."

"ನಾವು ಕಾಪಾಡ್ತಿದ್ದೀವಿ ಅಂದ್ಕೊಂಡಿದ್ವಲ್ಲೋ..." ಎಂದು ಅಲ್ಲೇ ಬಿಕ್ಕಿದಳು. ಗೆರಿಟ್ ಅವಳ ಕೈಗೆ ಒರೆಸುವ ಬಟ್ಟೆ ಕೊಟ್ಟ.

ಹೊಸ ಆಕ್ಸಲ್ಲನ್ನು ಅವನು ಸರಿಯಾಗಿಯೇ ಕೂರಿಸಿದ. ಗೇರಿನ ಹಲ್ಲುಗಳಿಗೆ ಹಳದಿ ಬಣ್ಣ ಸವರಿ, ತಿರುಗಿಸಿ, ಒಂದಕ್ಕೊಂದು ಎಲ್ಲಿ ತಾಗುತ್ತಿದೆ ಎಂದು ನೋಡುವುದು. ಅಂಚಿಗೆ ಬಂದರೆ ಬಿಚ್ಚುವುದು, ಬಿಲ್ಲೆ ಬದಲಿಸುವುದು, ಮತ್ತೆ ಸವರುವುದು. ಬಣ್ಣದ ಗುರುತು ಹಲ್ಲಿನ ನಟ್ಟನಡುವೆ ಬಂದು ಕೂರುವ ತನಕ ಬಿಡಲಿಲ್ಲ. ಇನ್ನು ಏನೂ ಮುರಿಯುವುದಿಲ್ಲ. ಡೇಲ್‌ನನ್ನು ತಡೆಯಲು ಆ ಕಾರಿನಲ್ಲಿ ಇನ್ನೇನೂ ಉಳಿದಿರಲಿಲ್ಲ.

ಮೇ ತಿಂಗಳ ಮೊದಲ ಭಾನುವಾರ ಟ್ರ್ಯಾಕ್ ತೆರೆಯಿತು. ಸರದಿಯ ಸಾಲಿನಲ್ಲಿ ಕಾರುಗಳು ಒಂದೊಂದಾಗಿ ಮುಂದೆ ಸರಿಯುತ್ತಿದ್ದವು. ಕಿಟಕಿಯಿಂದ ಕೈ ಹಾಕಿ ತಮ್ಮನ ಭುಜದ ಬೆಲ್ಟು ಬಿಗಿಯುವುದು ಮೊದಲಿನಿಂದಲೂ ಗೆರಿಟ್‌ನ ಕೆಲಸ. ಬೆಲ್ಟು ಹಿಡಿದ, ಆದರೆ ಎಳೆದು ಬಿಗಿಯಲಿಲ್ಲ.

"ಡೇಲ್, ನಂಗೆ ಭಯ ಆಗ್ತಿದೆ ಕಣೋ."

"ಯಾಕೆ, ಆಕ್ಸಲ್ ಸರಿ ಕೂತಿಲ್ವಾ?"

"ಕೂತಿದೆ. ಅದಕ್ಕೇ ಭಯ. ಹಳೇದನ್ನ ಬೇಕಂತಲೇ ಇಟ್ಟಿದ್ದೆ. ಮುರಿದ್ರೆ ನೀನು ಮನೇಲಿರ್ತೀಯ ಅಂತ. ಕೊನೆಗೆ ನೋಡಿದ್ರೆ ಅದೇ ನಿನ್ನ ಕೊಲ್ಲೋದಿತ್ತು, ಶಾಫ್ಟು ಸೀಳಿತ್ತು. ಇನ್ನು ನನ್ನ ಕೈಲಿ ಆಗಲ್ಲ. ನೀನು ಗುದ್ಕೊಳ್ಳೋದನ್ನ ಇನ್ನೊಂದು ಸಲ ನೋಡಲಾರೆ."

ಬೈಗುಳ ಬರುತ್ತದೆ ಎಂದು ಗೆರಿಟ್ ಕಾದ. ಡೇಲ್ ಹೆಲ್ಮೆಟ್ಟಿನ ಗಾಜು ಮೇಲೆತ್ತಿದ. ಒಳಗಿನ ಮುಖ ಬೆವರಿತ್ತು, ವಯಸ್ಸಾದ ಮುಖ.

"ಅದು ಮುರಿದಾಗೆಲ್ಲ ನಂಗೂ ಉಸಿರು ಬಂದ ಹಾಗಾಗ್ತಿತ್ತು," ಎಂದ ಮೆಲ್ಲಗೆ. "ಗೋಡೆಗೆ ಗುದ್ದಿದ ಮೇಲಿಂದ ಈ ಸಾಲಲ್ಲಿ ಕೂತ್ರೆ ಅದೇ ಗೋಡೆ ಕಣ್ಮುಂದೆ ಬರುತ್ತೆ. ಸದ್ಯ ಮುರೀತು, ಮನೆಗೆ ಹೋಗ್ಬಹುದು ಅನ್ನಿಸ್ತಿತ್ತು."

"ಮತ್ತೆ ಗಟ್ಟಿದು ಯಾಕೋ ತಂದೆ, ದರಿದ್ರದವನೇ?"

"ಎಲ್ರೂ ನಗ್ತಿದ್ರಲ್ಲ."

ಮುಂದಿನ ಕಾರು ಹೊಗೆಯೆಬ್ಬಿಸಿ ಹೊರಟಿತು. ಸಾಲು ನೋಡಿಕೊಳ್ಳುವವನು ಇವರತ್ತ ಕೈ ಬೀಸಿ ಬಾ ಎಂದ. ಗೆರಿಟ್ ಬೆಲ್ಟು ಹಿಡಿದೇ ನಿಂತಿದ್ದ.

"ಬಿಗೀಲಾ, ಬಿಚ್ಲಾ? ನೀನೇ ಹೇಳು."

ಡೇಲ್ ಮುಂದಿನ ಖಾಲಿ ರಸ್ತೆಯನ್ನು ನೋಡಿದ. ಹಿಂದಿನಿಂದ ಯಾರೋ ಹಾರನ್ ಹೊಡೆದರು.

"ಬಿಚ್ಚು," ಎಂದ.

ಚೆನ್ನಾಗಿ ಓಡುವ ಕಾರನ್ನು ಆ ಸಾಲಿನಿಂದ ಯಾರೂ ಹೊರಗೆ ತೆಗೆಯುವುದಿಲ್ಲ. ತೆಗೆದರೆ ಏನೋ ಮುರಿದಿದೆ ಎಂದೇ ಅರ್ಥ. ಹಿಂದಿನ ಕಾರಿನಲ್ಲಿದ್ದ ಬಾರ್ಟ್ ಬಾಗಿಲು ತೆರೆದು ಇಳಿದು ಬಂದ, ನಗು ಆಗಲೇ ತಯಾರಿತ್ತು.

"ಏನಪ್ಪಾ ನೆಂಟ, ಈ ಸಲ ಮೇ ತಿಂಗಳಿಗೇ ಹೊರಟ್ಯಾ? ಏನು ಮುರೀತು?"

ಗೆರಿಟ್ ಬಾಯಿ ತೆರೆಯುವ ಮೊದಲೇ ಡೇಲ್ ಹೆಲ್ಮೆಟ್ ತೆಗೆದು ತೊಡೆಯ ಮೇಲಿಟ್ಟುಕೊಂಡ.

"ಏನೂ ಮುರಿದಿಲ್ಲ ಬಾರ್ಟ್. ಹೆದರಿಕೆ ಆಯ್ತು, ಅಷ್ಟೆ."

ಬಾರ್ಟ್‌ನ ನಗು ನಿಂತಿತು. ಅವನು ಹಿಂದಕ್ಕೆ ತಿರುಗಿ, ಎರಡೂ ಕೈ ಮೇಲೆತ್ತಿ, ತನ್ನ ಹಿಂದಿನ ಕಾರುಗಳಿಗೆ ನಿಲ್ಲಿ ಎಂದ. ಡೇಲ್‌ಗೆ ಕಾರು ತಿರುಗಿಸಲು ಜಾಗ ಬೇಕಿತ್ತು.