ಹತ್ತರ ಗೆರೆಯಿಂದ ಹಿಡಿದವರು

ನಾನು ಒಂದು ಟೇಪು. ಹಾಡಿನ ಟೇಪಲ್ಲ ಮತ್ತೆ, ಅಳತೆಯ ಟೇಪು! ಐದು ಮೀಟರಿನ ಹಳದಿ ಉಕ್ಕಿನ ಪಟ್ಟಿ, ತುದಿಗೊಂದು ಪುಟ್ಟ ಕೊಕ್ಕೆ. ಯಾವ ಕಾರ್ಖಾನೆಯಲ್ಲಿ ಹುಟ್ಟಿದೆನೋ ನೆನಪಿಲ್ಲ. ಕಣ್ಣು ಬಿಟ್ಟಿದ್ದು ಗದಗಿನ ಹಾರ್ಡ್‌ವೇರ್ ಅಂಗಡಿಯ ಕಪಾಟಿನಲ್ಲಿ. ಒಂದು ದಿನ ಈರಣ್ಣ ಬಡಿಗೇರ ಬಂದ, ನನ್ನನ್ನು ಸರ್ರನೆ ಎಳೆದು ಫಟ್ಟನೆ ಬಿಟ್ಟ. "ಇದು ಭಾಳ ಚುರುಕ ಐತಿ, ಇದನ್ನ ಕೊಡ್ರಿ," ಅಂದ. ಅಬ್ಬಾ, ಆ ಮಾತಿಗೆ ನಾನು ಎಷ್ಟು ಉಬ್ಬಿದ್ದೆ!

ಅಂದಿನಿಂದ ಅವನ ಸೊಂಟವೇ ನನ್ನ ಮನೆ. ಮೂರನೇ ವರ್ಷ ಒಂದು ಅಟ್ಟದಿಂದ ಜಾರಿ ಬಿದ್ದೆ. ಕೊಕ್ಕೆ ಸೊಟ್ಟಗಾಯಿತು. ಬೇರೆ ಯಾರಾದರೂ ಆಗಿದ್ದರೆ ಎಸೆದೇ ಬಿಡುತ್ತಿದ್ದರು. ಈರಣ್ಣ ಮಾತ್ರ ನನ್ನ ಹತ್ತು ಸೆಂಟಿಮೀಟರಿನ ಗೆರೆ ಹಿಡಿದು ಅಳೆಯತೊಡಗಿದ. ಅಲ್ಲಿಂದಲೇ ಅಳೆಯುತ್ತಿದ್ದ, ಅಲ್ಲಿಂದಲೇ ಹಲಗೆಯ ಮೇಲೆ ಗೀಟು ಹಾಕುತ್ತಿದ್ದ. ಎರಡೂ ಕಡೆ ನಾನೇ ಇದ್ದುದರಿಂದ ಕಳೆಯುವ, ಕೂಡುವ ಗೋಜೇ ಇರಲಿಲ್ಲ. ಹದಿನಾರು ವರ್ಷ ನಮ್ಮ ಒಂದು ಕಪಾಟೂ ಕೂದಲೆಳೆಯಷ್ಟು ತಪ್ಪಲಿಲ್ಲ ನೋಡಿ.

ಆಮೇಲೆ ಅವನ ನಡು ಕೈಕೊಟ್ಟಿತು. ಡಾಕ್ಟರು ಪ್ಲೈವುಡ್ ಹಲಗೆ ಎತ್ತುವಂತಿಲ್ಲ, ಗರಗಸದ ಮುಂದೆ ಬಾಗುವಂತಿಲ್ಲ ಅಂದುಬಿಟ್ಟರು. ಈರಣ್ಣ ಮೂರು ದಿನ ಊಟ ಸರಿಯಾಗಿ ಮಾಡಲಿಲ್ಲ. "ಬಡಿಗತನ ಬಿಟ್ಟು ನಾ ಏನ್ ಮಾಡ್ಲಿ?" ಎಂದು ಹೆಂಡತಿ ಶಾಂಭವಿಯ ಮುಂದೆ ಕಣ್ಣೀರು ಹಾಕಿದ.

ಶಾಂಭವಿ ಮದುವೆ ಕಾರ್ಡು ಟೈಪ್ ಮಾಡುವ ಅಂಗಡಿಯಲ್ಲಿ ಎಂಟು ವರ್ಷ ದುಡಿದವಳು, ಕಂಪ್ಯೂಟರಿಗೆ ಹೆದರುವ ಪೈಕಿಯಲ್ಲ. "ಬಿಡೂದ್ಯಾಕ್ರೀ? ಹುಬ್ಬಳ್ಳ್ಯಾಗ ರಜಾಕಸಾಬರ ಹತ್ರ ಕಂಪ್ಯೂಟರ್ ಹೇಳಿದಂಗ ಕೆಲಸ ಮಾಡೂ ಸಿಎನ್‌ಸಿ ಮಷಿನ್ ಐತಿ. ಹಲಗಿ ಕೊಯ್ಯೂದು, ತೂತು ಹಾಕೂದು ಅವ್ರು ಮಾಡ್ಲಿ. ನಾವು ಫೈಲ್ ಕಳಸೂಣು. ಜೋಡಸೂದು ನೀವು ಮಾಡ್ರಿ," ಅಂದಳು.

ನನಗೆ ಮೈ ಝುಂ ಅಂದಿತು. ನನ್ನ ಅಳತೆ ತಂತಿಯೊಳಗಿಂದ ಹುಬ್ಬಳ್ಳಿಗೆ ಹೋಗುವುದೇ!

ಮೊದಲ ಕೆಲಸವೂ ಸಿಕ್ಕಿತು. ಸಾವಿತ್ರವ್ವನ ರೊಟ್ಟಿ ಖಾನಾವಳಿಯ ಅಡುಗೆ ಕಟ್ಟೆಯ ಕೆಳಗೆ ಮೂರು ಪೆಟ್ಟಿಗೆ ಕೂರಿಸಬೇಕು. ಖಾನಾವಳಿಗೆ ರಜೆ ಸೋಮವಾರ ಒಂದೇ ದಿನ. ಅವತ್ತು ಕೂತರೆ ಈರಣ್ಣನ ಕಸುಬು ಉಳಿಯಿತು, ಕೂರದಿದ್ದರೆ ಊರಿಗೆಲ್ಲ ಸುದ್ದಿ. ಈರಣ್ಣ ಗೋಡೆ ಅಳೆದ. ಸೀಮೆಸುಣ್ಣದಲ್ಲಿ ಮೂರು ಭಾಗ ಗುರುತು ಮಾಡಿ ಒಂದೊಂದನ್ನೂ ಬೇರೆಬೇರೆ ಅಳೆದ. ನಾನು ತೋರಿಸಿದ್ದನ್ನು ತೋರಿಸಿದಂತೆಯೇ ಬರೆದುಕೊಂಡ.

ಇನ್ನು ಪೆಟ್ಟಿಗೆಯ ನಕ್ಷೆ ಬರೆಯಲು ಸಾಫ್ಟ್‌ವೇರ್ ಆರಿಸಬೇಕು. ಹದಿನೈದು ದಿನ ಪುಕ್ಕಟೆ ಬಳಸಲು ಕೊಡುವ ಮೂರನ್ನು ಶಾಂಭವಿ ಇಳಿಸಿಕೊಂಡಳು. ನಾನು ಮೇಜಿನ ಮೇಲೆ ಕೂತು ಕಣ್ಣು ಪಿಳುಕಿಸದೆ ನೋಡಿದೆ. ಮೊದಲನೆಯದು ಬರೀ ಇಂಚಿನಲ್ಲಿ ಮಾತಾಡುತ್ತಿತ್ತು, ಅದನ್ನು ಅವತ್ತೇ ತೆಗೆದಳು. ಎರಡನೆಯದರ ಬೆಡಗು ಏನು ಹೇಳಲಿ! ನಲ್ಲಿಯ ಮೇಲೆ ಬೆಳಕು, ಕಟ್ಟೆಯ ಮೇಲೆ ಹೂದಾನಿ. ಈರಣ್ಣ ಬಾಯಿ ತೆರೆದು ಕೂತ. ಮೂರನೆಯದು ಬರೀ ಗೆರೆ, ಪಟ್ಟಿ, ತೂತಿನ ಲೆಕ್ಕ. ಅಳತೆ ಹಾಕಿದ ತಕ್ಷಣ ಕೊನೆಯ ಪೆಟ್ಟಿಗೆಯನ್ನು ಕೆಂಪಗೆ ಮಾಡಿ, ಇದು ಗೋಡೆಯಿಂದ ಇಪ್ಪತ್ತು ಸೆಂಟಿಮೀಟರ್ ಹೊರಗಿದೆ ಎಂದಿತು.

"ಇದಕ್ಕ ತಲಿ ಇಲ್ಲ. ಆ ಚಂದಂದ ತಗೋ, ಅದು ಹೆಂಗ ಕೂಡಿಸೇತಿ ನೋಡು!" ಅಂದ ಈರಣ್ಣ.

ಶಾಂಭವಿ ರಜಾಕಸಾಬರಿಗೆ ಫೋನ್ ಹಚ್ಚಿ ಉಳಿದ ಎರಡರ ಫೈಲೂ ಕಳಿಸಿದಳು. ಅವರು ಒಳ್ಳೆ ನಗೆಗಾರರು. "ತಂಗಿ, ಹೂದಾನಿ ಇದ್ದದ್ದು ಬರೀ ಫೋಟೋ ಐತಿ. ಗ್ವಾಡಿಗೆ ಹಚ್ಚಾಕ ಛಲೋ, ನನ್ನ ಮಷಿನ್ ಅದನ್ನ ಓದೂದಿಲ್ಲ. ಬರೀ ಗೆರಿ ಇದ್ದದ್ದನ್ನ ಓದತೈತಿ. ಆದ್ರ ಅದು ಕೆಂಪಗ ಯಾಕ ಐತಿ, ಮೊದ್ಲ ಅದನ್ನ ಕೇಳು," ಅಂದರು.

ಅವಳು ಕಾಗದ ಹಿಡಿದು ಕೂಡಿದಳು. ಎಪ್ಪತ್ತು, ನೂರು, ನೂರು. ಒಟ್ಟು ಇನ್ನೂರ ಎಪ್ಪತ್ತು. ಗೋಡೆ ಮಾತ್ರ ಇನ್ನೂರ ಐವತ್ತು. ಬೆಡಗಿನದು ಪೆಟ್ಟಿಗೆಗಳನ್ನು ಸದ್ದಿಲ್ಲದೆ ಹಿಸುಕಿ ಕೂರಿಸಿತ್ತು! ಅವಳು ಗಂಡನ ಕಡೆ ತಿರುಗಿದಳು. "ಈ ಮೇಜು ಅಳೀರಿ, ನಾ ನೋಡ್ತೀನಿ."

ಈರಣ್ಣ ನನ್ನನ್ನು ಎಳೆದ, ಎಂದಿನಂತೆ ಹತ್ತರ ಗೆರೆ ಹಿಡಿದ.

"ಅಲ್ಯಾಕ ಹಿಡದ್ರಿ?"

"ಕೊಕ್ಕಿ ಸೊಟ್ಟ ಐತಿ. ಮೊದಲಿಂದನೂ ಅಲ್ಲೇ..." ಅವನು ಗೆರೆಯ ಮೇಲಿದ್ದ ತನ್ನ ಬೆರಳನ್ನೇ ನೋಡಿದ.

ಅಯ್ಯೋ, ನಾಚಿಕೆಯಿಂದ ನಾನು ಸರ್ರನೆ ಒಳಗೆ ಸುತ್ತಿಕೊಂಡೆ! ಪ್ರತಿ ಅಳತೆಗೂ ಹತ್ತು ಹೆಚ್ಚು: ಗೋಡೆಗೆ ಒಂದು ಸಲ, ಪೆಟ್ಟಿಗೆಗಳಿಗೆ ಮೂರು ಸಲ. ಮೂವತ್ತರಲ್ಲಿ ಹತ್ತು ಹೋದರೆ ಆ ಕೆಂಪು ಇಪ್ಪತ್ತು. ಶಾಂಭವಿ ಮೊದಲು ಹಣೆ ಬಡಿದುಕೊಂಡಳು, ಆಮೇಲೆ ಹೊಟ್ಟೆ ಹಿಡಿದು ನಕ್ಕಳು. ಈರಣ್ಣನೂ ನಕ್ಕ. "ತಲಿ ಇಲ್ಲದ್ದು ಅದಕ್ಕಲ್ಲ, ನನಗ. ಇದನ್ನ ತಗೋ. ನನ್ನ ತಪ್ಪು ನನಗ ಹೇಳೂದು ಇದೊಂದ," ಅಂದ.

ಎಲ್ಲದರಲ್ಲೂ ಹತ್ತು ಕಳೆದು, ಕೂರಿಸಲು ಒಂದು ಸೆಂಟಿಮೀಟರ್ ಜಾಗ ಬಿಟ್ಟು, ಅವಳು ಫೈಲು ಕಳಿಸಿದಳು. ಭಾನುವಾರ ಹಲಗೆಗಳು ಬಂದವು, ಅಂಚು ನಯ, ತೂತು ತೂತಿಗೆ ಸರಿ. ಈರಣ್ಣ ಸ್ಟೂಲಿನ ಮೇಲೆ ಕೂತೇ ಜೋಡಿಸಿದ. ಹೊಸ ಟೇಪು ಬಂದಿತ್ತು, ಜೇಬಿನಲ್ಲೇ ಇತ್ತು. ಸೋಮವಾರ ಖಾನಾವಳಿಯಲ್ಲಿ ಮೂರೂ ಪೆಟ್ಟಿಗೆ ಸಾಲಾಗಿ ನಿಲ್ಲಿಸಿದಾಗ ಅವನ ಕೈ ಜೇಬಿಗೆ ಹೋಗಲಿಲ್ಲ, ಸೊಂಟಕ್ಕೆ ಹೋಯಿತು. ಅದು ಹುಡುಕಿದ್ದು ನನ್ನನ್ನು! ಹತ್ತರಿಂದ ಹಿಡಿದು ಗೋಡೆ ಅಳೆದ, ಇನ್ನೂರ ಐವತ್ತು. ಹತ್ತರಿಂದ ಹಿಡಿದು ಪೆಟ್ಟಿಗೆ ಅಳೆದ, ಇನ್ನೂರ ನಲವತ್ತೊಂಬತ್ತು. ತಳ್ಳಿದರು. ಒಳಗೆ ಹೋಗಿ ಕೂತವು. ಸಾವಿತ್ರವ್ವ ಬಿಸಿ ರೊಟ್ಟಿ ತಟ್ಟೆಗೆ ಹಾಕುತ್ತ, "ಈರಣ್ಣಾ, ನನ್ನ ತಂಗಿ ಮನ್ಯಾಗೂ ಮಾಡಿಕೊಡಬೇಕಪಾ," ಅಂದಳು. ಈರಣ್ಣ ಮುಖ ಆಚೆ ತಿರುಗಿಸಿ ಕಣ್ಣೊರೆಸಿಕೊಂಡ.

ಈಗ ನಾನು ಮುದುಕ. ಗೆರೆಗಳು ಅಳಿಸಿವೆ, ಸ್ಪ್ರಿಂಗಿನ ಬಿಗಿ ಹೋಗಿದೆ. ಕಂಪ್ಯೂಟರಿನ ಪಕ್ಕ ಒಂದು ಮೊಳೆಗೆ ನನ್ನನ್ನು ನೇತುಹಾಕಿದ್ದಾರೆ. ಬೇಸರವಿಲ್ಲ, ಇಲ್ಲಿಂದ ಪರದೆ ಚೆನ್ನಾಗಿ ಕಾಣುತ್ತದೆ. ಈರಣ್ಣ ಹೊಸ ಅಳತೆ ತಂದು ಓದುವಾಗಲೆಲ್ಲ ಶಾಂಭವಿ ತಲೆಯೆತ್ತಿ ನನ್ನ ಕಡೆ ನೋಡಿ, "ಎಲ್ಲಿಂದ ಹಿಡದಿದ್ರಿ?" ಎಂದು ಕೇಳುತ್ತಾಳೆ.

"ಸೊನ್ನಿಯಿಂದ ಮಾರಾಯ್ತಿ, ಸೊನ್ನಿಯಿಂದ!" ಅನ್ನುತ್ತಾನೆ ಅವನು. ಹೇಳುವಾಗ ಅವನ ಬೆರಳು ಬಂದು ನನ್ನ ಹತ್ತರ ಗೆರೆಯನ್ನೊಮ್ಮೆ ಸವರಿ ಹೋಗುತ್ತದೆ.