ಎಡಚಿ ಜೋಡಿಸಿದ ಕೊಳವೆಗಳು

ಸೋಪಿನ ನೊರೆ ಹರಿದುಹೋದ ಮೇಲೂ ಎಡಗೈ ಹೆಬ್ಬೆರಳ ಉಗುರಿನ ಸಂದಿಯಲ್ಲಿ ಆ ನೀಲಿ ಉಳಿದೇ ಇತ್ತು, ಮಾರ್ಕರ್ ಪೆನ್ನಿನ ನೀಲಿ, ಮೂರು ದಿನದಿಂದ ಉಜ್ಜುತ್ತಿದ್ದಾಳೆ, ಹಾಳಾಗಲಿ, ತೊಳೆದ ಗಾಜಿನ ಲೋಟಗಳನ್ನು ಪ್ರಯೋಗಾಲಯದ ಸ್ಟ್ಯಾಂಡಿನಲ್ಲಿ ಬೋರಲು ಹಾಕುತ್ತಾಳೆ, ಒಂದು, ಎರಡು, ಮೂರು, ಬಲತುದಿಯಿಂದ ಎಡಕ್ಕೆ, ಏನೇ ಎಡಚಿ, ಚಪ್ಪಲಿ ಜೋಡಿಸಿದ್ರೂ ಉಲ್ಟಾನೇನೇ ಎಂದು ಅಕ್ಕ ರೇಗಿಸುತ್ತಿದ್ದಳು, ಹೌದು ಕಣೇ, ನನ್ನ ಕೈ, ನನ್ನಿಷ್ಟ, ಬಲದಿಂದ ಎಡಕ್ಕೆ — ಬಲದಿಂದ ಎಡಕ್ಕೆ. ನಾಲ್ಕನೆಯ ಲೋಟ ಕೈಯಲ್ಲೇ ನಿಂತಿತು.

ಮೂರು ದಿನದ ಹಿಂದೆ ಸ್ಪಿರಿಟ್ ಬಾಟಲಿ ಉರುಳಿತ್ತು, ಎರಡು ಕಡಲಾಮೆಗಳ ರಕ್ತ ತುಂಬಿದ್ದ ಎರಡು ಕೊಳವೆಗಳ ಮೇಲೆ, ಬರೆದ ಹೆಸರುಗಳು ಕಣ್ಣೆದುರೇ ಕರಗಿ ನೀಲಿ ನೀರಾದವು, ಇವಳು ಒರೆಸಿದಳು, ಯಾರೂ ನೋಡಲಿಲ್ಲ ತಾನೇ ಎಂದು ಹಿಂದೆ ತಿರುಗಿ ನೋಡಿದಳು, ಗಡಿಬಿಡಿಯಲ್ಲಿ ಮತ್ತೆ ಬರೆದಳು, ಮೊದಲು ರಕ್ತ ತೆಗೆದದ್ದು ಅಜ್ಜಿ ಎಂದು ಎಲ್ಲರೂ ಕರೆಯುವ ಮುದಿ ಆಮೆಯದು, ಮೊದಲನೆಯದು ಎಂದರೆ ಎಡಗಡೆಯದು, ಎಡಗಡೆಯದು ಅಜ್ಜಿ, ಬಲಗಡೆಯದು ಒಂದು ಈಜುಗಾಲು ಕಳೆದುಕೊಂಡ ಕುಂಟಿ — ಲೋಕಕ್ಕೆಲ್ಲ ಮೊದಲನೆಯದು ಎಡಗಡೆ, ಎಡಚಿಗಲ್ಲ, ಅವಳು ಮೊದಲನೆಯದನ್ನು ಇಟ್ಟದ್ದು ಬಲತುದಿಯಲ್ಲಿ. ಎರಡಕ್ಕೂ ಮೈಮೇಲೆ ಹೂಕೋಸಿನಂಥ ಗಡ್ಡೆಗಳಿದ್ದವು, ಅವನ್ನು ಕೊಯ್ದು ತೆಗೆದು ಗಾಯವೂ ಮಾಗಿತ್ತು, ಒಳಗೂ ಹರಡಿದೆಯೇ ಎಂದು ತಿಳಿಯಲು ಗಡ್ಡೆಯ ಡಿಎನ್ಎ ತುಣುಕುಗಳನ್ನು ರಕ್ತದಲ್ಲಿ ಹುಡುಕುವ ಪರೀಕ್ಷೆ, ಅವಳ ಐದು ವರ್ಷದ ಪಿಎಚ್‌ಡಿ ದುಡಿಮೆ, ನಲವತ್ತಕ್ಕೆ ನಲವತ್ತು ಸರಿ ಕಣಮ್ಮಾ, ಒಂದೂ ತಪ್ಪಿಲ್ಲ ಎಂದು ಮೇಷ್ಟ್ರು ಬೆನ್ನು ತಟ್ಟಿದ್ದರು. ಅಜ್ಜಿ ಶುದ್ಧ, ಕುಂಟಿಗೆ ಹರಡಿದೆ, ಅವಳದೇ ಸಹಿ. ಹರಡಿದರೆ ಉಳಿಯುವುದಿಲ್ಲ, ನರಳಿಸುವುದು ಬೇಡ, ಅದು ಆಮೆ ಆಸ್ಪತ್ರೆಯ ನಿಯಮ, ಹನ್ನೊಂದಕ್ಕೆ ಇಂಜೆಕ್ಷನ್ ಕೊಟ್ಬಿಡ್ತೀನಿ, ನೋಡೋಕಾಗಲ್ಲ ಅಂದ್ರೆ ಬರ್ಬೇಡಿ ಎಂದಿದ್ದರು ಡಾಕ್ಟರು. ಗೋಡೆ ಗಡಿಯಾರದಲ್ಲಿ ಹನ್ನೊಂದಕ್ಕೆ ಆರು ನಿಮಿಷ.

ಆ ಕಡೆ ಡಾಕ್ಟರ ಫೋನು ಹೊಡೆದುಕೊಳ್ಳುತ್ತಿದೆ, ಎತ್ತಿ, ಎತ್ತಿ ಮಾರಾಯರೇ, ಹೇಳಿದರೆ ಮಾನ ಹೋಯಿತು, ಪ್ರಬಂಧ ಹೋಯಿತು, ಮೇಷ್ಟ್ರ ಮುಖ ನೋಡುವುದು ಹೇಗೆ, ಇನ್ನೆಷ್ಟು ಕೊಳವೆ ಹೀಗೆ ಬರೆದಿದ್ದೀಯಮ್ಮಾ ಎಂದರೆ, ಇಲ್ಲ ಸಾರ್, ಇದೊಂದೇ, ಆಣೆಗೂ ಇದೊಂದೇ, ಯಾರು ನಂಬುತ್ತಾರೆ, ಹೇಳದಿದ್ದರೆ ಯಾರಿಗೂ ತಿಳಿಯುವುದಿಲ್ಲ, ಕುಂಟಿಗೂ ತಿಳಿಯುವುದಿಲ್ಲ, ಆ ಉಗುರು, ಥೂ, ಆ ನೀಲಿ — ಹಲೋ. ಡಾಕ್ಟ್ರೇ, ಚುಚ್ಬೇಡಿ, ಕೊಳವೆ ಅದಲುಬದಲಾಗಿದೆ, ನಾನೇ ಮಾಡಿದ್ದು. ಆ ಕಡೆ ತೊಟ್ಟಿಯ ನೀರಿನ ಸದ್ದು. ಸದ್ಯ, ಸೂಜಿ ಕೈಯಲ್ಲೇ ಇದೆ, ಬದುಕ್ಕೊಂಡ್ಲು ಕುಂಟಿ ಎಂದರು ಡಾಕ್ಟರು, ಇವಳು ಗೋಡೆಗೆ ಒರಗಿ ನಗುತ್ತಿದ್ದಾಳೆ, ಅಳುತ್ತಲೂ ಇದ್ದಾಳೆ, ಉಳಿಯಿತು, ಒಂದು ಜೀವ ಉಳಿಯಿತು. ಆಮೇಲೆ ಡಾಕ್ಟರ ದನಿ ಇಳಿಯಿತು, ಹಾಗಾದ್ರೆ ಹರಡಿರೋದು ಅಜ್ಜಿಗಲ್ವಾ?

ಅಜ್ಜಿ ನಿನ್ನೆ ಬೆಳಿಗ್ಗೆ ಸಮುದ್ರ ಸೇರಿದಳು. ಮರಳಿನಲ್ಲಿ ಒಮ್ಮೆ ನಿಂತಳು, ಮುಂದೆ ಹೋಗಲೊಲ್ಲಳು, ನೀವೇ ಒಂಚೂರು ತಳ್ಳಿ, ನಿಮ್ಮಿಂದ ತಾನೆ ಬಿಡುಗಡೆ ಎಂದು ಎಲ್ಲರೂ ನಕ್ಕರು, ಇವಳೂ ನಕ್ಕಳು, ಬಾಗಿದಳು, ಒದ್ದೆ ಚಿಪ್ಪಿನ ಮೇಲೆ ಎಡಗೈ ಇಟ್ಟಳು, ಹೆಬ್ಬೆರಳ ಉಗುರಲ್ಲಿ ನೀಲಿ, ತಳ್ಳಿದಳು, ಎಡಗೈ, ಒದ್ದೆ ಚಿಪ್ಪು, ನೀಲಿ ಉಗುರು, ತಳ್ಳಿದಳು —